ಟ್ರಕ್ಕಿಗೆ ಹೊಸ ಇಗ್ನಿಷನ್ ಕಿಟ್ ಬೇಕೇ? ಲಕ್ಷಣ ನೋಡಿ ದೋಷ ಪತ್ತೆಹಚ್ಚುವ ಕ್ರಮ

ಪೆಟ್ರೋಲ್ ಎಂಜಿನ್ನಿನ ಟ್ರಕ್ಕು ಸ್ವಲ್ಪ ಮಂಕಾದ ಕೂಡಲೇ ಹಲವರ ಕಣ್ಣು ಹೋಗುವುದು ಮಾರುಕಟ್ಟೆಯ ಇಗ್ನಿಷನ್ (ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ವ್ಯವಸ್ಥೆ) ಕಿಟ್‌ಗಳ ಕಡೆಗೆ. ಹೆಚ್ಚು ವೋಲ್ಟಿನ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟಕ್ಕೆ ಏರಿಸುವ ಭಾಗ), ಒಂದು ಸಲಕ್ಕೆ ಹಲವು ಕಿಡಿ ಹಾರಿಸುವ ಪೆಟ್ಟಿಗೆ, ದಪ್ಪನೆಯ ಪ್ಲಗ್ ವೈರು ಇವೆಲ್ಲ ಒಂದೇ ದಿನದಲ್ಲಿ ಕೂರಿಸಬಹುದಾದ ವಸ್ತುಗಳಾದ್ದರಿಂದ ಆಸೆ ಹುಟ್ಟುವುದು ಸಹಜ. ಆದರೆ ಕಂಪನಿಯಿಂದ ಬಂದಂತೆಯೇ ಇರುವ, ಎಲೆಕ್ಟ್ರಾನಿಕ್ ಇಗ್ನಿಷನ್ ಹೊಂದಿದ, ಸುಸ್ಥಿತಿಯಲ್ಲಿರುವ ಎಂಜಿನ್ನಿಗೆ ಇಂಥ ಕಿಟ್‌ನಿಂದ ಗಮನಕ್ಕೆ ಬರುವಷ್ಟು ಲಾಭವಿಲ್ಲ ಎಂಬುದು ಈ ಬರಹದ ನಿಲುವು. ಪಾಯಿಂಟ್ (ಕಾಯಿಲ್‌ನ ವಿದ್ಯುತ್ತನ್ನು ಕಡಿಯುವ ಲೋಹದ ತುಂಡುಗಳು) ಇರುವ ಹಳೆಯ ಟ್ರಕ್ಕಿನ ಮಾತು ಬೇರೆ. ಅದನ್ನು ಮುಂದೆ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಕಿಟ್ ಹಾಕಿದ ಮೇಲೆ ಗಾಡಿ ನಿಜಕ್ಕೂ ಸುಧಾರಿಸಿತು ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಕಿಟ್ ಕೂರಿಸುವಾಗ ಹಳೆಯ ಪ್ಲಗ್, ವೈರು, ಡಿಸ್ಟ್ರಿಬ್ಯೂಟರಿನ (ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ಕ್ಯಾಪ್, ರೋಟರ್ ಎಲ್ಲವೂ ಬದಲಾಗಿರುತ್ತವೆ, ಟೈಮಿಂಗ್ (ಕಿಡಿ ಹಾರುವ ಸಮಯ) ಕೂಡ ಹೊಸದಾಗಿ ಹೊಂದಿಸಿರುತ್ತಾರೆ. ಸುಧಾರಣೆ ಬಹುತೇಕ ಅಲ್ಲಿಂದ ಬಂದದ್ದು. ಹಾಗಾಗಿ ಮೊದಲು ದೋಷ ಯಾವುದೆಂದು ತಿಳಿಯಬೇಕು, ಆಮೇಲೆ ಭಾಗದ ಮಾತು. ಕೆಳಗಿನ ವಿಭಾಗಗಳನ್ನು ಚಾಲಕನಿಗೆ ಕಾಣುವ ಲಕ್ಷಣಗಳಿಗೆ ತಕ್ಕಂತೆ ಜೋಡಿಸಿದೆ. ಪ್ರತಿಯೊಂದರಲ್ಲೂ ಸುಲಭವಾದ, ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲದಿರುವುದರಿಂದ ಈ ಬರಹ ಅದಕ್ಕೆ ಅನ್ವಯಿಸುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮುನ್ನ

ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ವಿದ್ಯುತ್ತು ಹತ್ತಾರು ಸಾವಿರ ವೋಲ್ಟಿನದು. ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರನ್ನು ಬರಿಗೈಯಲ್ಲಿ ಕೀಳಬಾರದು. ಹೊಡೆದ ಶಾಕ್‌ಗಿಂತ, ಬೆಚ್ಚಿಬಿದ್ದ ಕೈ ಫ್ಯಾನಿಗೋ ಬೆಲ್ಟಿಗೋ ಸಿಕ್ಕುವುದೇ ಹೆಚ್ಚು ಗಾಯ ಮಾಡುತ್ತದೆ. ಕೆಪ್ಯಾಸಿಟರ್ ತುಂಬಿಸಿ ಕಿಡಿ ಹಾರಿಸುವ ಪೆಟ್ಟಿಗೆಗಳಲ್ಲಿ ಕಾಯಿಲ್‌ನ ಸಣ್ಣ ತಂತಿಗಳಲ್ಲೂ 450ರಿಂದ 500 ವೋಲ್ಟಿನಷ್ಟು ಒತ್ತಡ ಇರುತ್ತದೆಯಾದ್ದರಿಂದ ಅವುಗಳನ್ನು ಹನ್ನೆರಡು ವೋಲ್ಟಿನ ತಂತಿಗಳೆಂದು ಭಾವಿಸಿ ಮುಟ್ಟಬಾರದು. ಪೇಸ್‌ಮೇಕರ್ ಇರುವವರು ಓಡುತ್ತಿರುವ ಎಂಜಿನ್ನಿನ ಇಗ್ನಿಷನ್ ಬಳಿ ಕೆಲಸ ಮಾಡಲೇಬಾರದು.

ಗಾಡಿಯನ್ನು ಸಮತಟ್ಟಾದ ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ಅಥವಾ ಪಾರ್ಕ್‌ಗೆ ಹಾಕಿ, ಚಕ್ರಗಳಿಗೆ ಅಡ್ಡ ಕೊಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡವೇ ಬೇಡ. ಸೋರಿಕೆ ಎಲ್ಲಿದೆ ಎಂದು ಕಂಡು ಸರಿಪಡಿಸಿದ ಮೇಲೆಯೇ ಮುಂದಿನ ಕೆಲಸ. ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನಿನಿಂದ ಪ್ಲಗ್ ಬಿಚ್ಚುವುದಿದ್ದರೆ ಅದು ಪೂರ್ತಿ ತಣಿದಿರಬೇಕು, ಇಲ್ಲವಾದರೆ ಹೆಡ್ಡಿನ ಥ್ರೆಡ್ಡೇ (ತಿರುಪಿನ ಗೆರೆ) ಪ್ಲಗ್ ಜೊತೆ ಕಿತ್ತು ಬರಬಹುದು.

ಇನ್ನೊಂದು ಎಚ್ಚರಿಕೆ ಯಂತ್ರದ ದೃಷ್ಟಿಯಿಂದ. ಪ್ಲಗ್ ವೈರನ್ನು ಗಾಳಿಯಲ್ಲಿ ತೂಗುಬಿಟ್ಟು ಸೆಲ್ಫ್ ಹೊಡೆದು ಕಿಡಿ ನೋಡುವ ಪದ್ಧತಿ ಪಾಯಿಂಟ್ ಕಾಲದ್ದು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಹೋಗಲು ದಾರಿಯಿಲ್ಲದ ವೋಲ್ಟೇಜು ಕಾಯಿಲ್‌ನ ಒಳಗಿನ ನಿರೋಧಕವನ್ನು ತೂತು ಮಾಡಬಹುದು, ಕಾಯಿಲ್‌ನ ವಿದ್ಯುತ್ತನ್ನು ಕಡಿಯುವ ಎಲೆಕ್ಟ್ರಾನಿಕ್ ತುಂಡಾದ ಮಾಡ್ಯೂಲನ್ನೂ ಸುಡಬಹುದು. ಅರ್ತ್‌ಗೆ (ಎಂಜಿನ್ನಿನ ಲೋಹದ ಮೈಗೆ) ಕ್ಲಿಪ್ ಹಾಕುವ ಸ್ಪಾರ್ಕ್ ಟೆಸ್ಟರ್ ಬಳಸುವುದೇ ಸರಿಯಾದ ಕ್ರಮ. ಅದರ ಜೊತೆಗೆ ಒಂದು ಮಲ್ಟಿಮೀಟರ್, ಫೀಲರ್ ಗೇಜ್, ಹಳೆಯ ಗಾಡಿಗೆ ಟೈಮಿಂಗ್ ಲೈಟ್, ಹೊಸ ಗಾಡಿಗೆ ಅದರ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಇಲ್ಲಿನ ಹೆಚ್ಚಿನ ಪರೀಕ್ಷೆಗಳಿಗೆ ಸಾಕು.

ಲಕ್ಷಣ: ಮಿಸ್ಸಿಂಗ್ ಇಲ್ಲ, ಆದರೆ ಪಿಕಪ್ ಸಾಲದು, ಮೈಲೇಜ್ ಕಡಿಮೆ

ಕಿಟ್‌ಗಳು ಅತಿ ಹೆಚ್ಚು ಮಾರಾಟವಾಗುವುದು ಈ ಲಕ್ಷಣಕ್ಕಾಗಿ. ಅವು ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಇಲ್ಲಿಯೇ. ಎಂಜಿನ್ ಒಂದೇ ಲಯದಲ್ಲಿ ಓಡುತ್ತಿದೆ, ಯಾವ ಸಿಲಿಂಡರೂ ತಪ್ಪುತ್ತಿಲ್ಲ ಎಂದರೆ ಪ್ರತಿ ಸಲವೂ ಮಿಶ್ರಣಕ್ಕೆ ಬೆಂಕಿ ಹತ್ತುತ್ತಿದೆ ಎಂದೇ ಅರ್ಥ. ಹತ್ತಿದ ಬೆಂಕಿಗೆ ಇನ್ನಷ್ಟು ಕಿಡಿ ಸೇರಿಸಿದರೆ ಪೆಟ್ರೋಲಿನಿಂದ ಹೆಚ್ಚಿನ ಶಕ್ತಿಯೇನೂ ಹೊರಡುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಬೆರೆತ, ನಿಶ್ಚಲವಾಗಿರುವ ಪೆಟ್ರೋಲ್–ಗಾಳಿ ಮಿಶ್ರಣವನ್ನು ಹೊತ್ತಿಸಲು ಒಂದು ಮಿಲಿಜೂಲ್‌ಗಿಂತ ಕಡಿಮೆ ಶಕ್ತಿ ಸಾಕು. ಸಿಲಿಂಡರಿನ ಒಳಗಿನ ಸುಳಿ ಮತ್ತು ಏರುಪೇರಾದ ಮಿಶ್ರಣದ ಲೆಕ್ಕ ಹಿಡಿದರೂ ಕೆಲವು ಮಿಲಿಜೂಲ್ ಬೇಕಾದೀತು. ಸಾಮಾನ್ಯ ಕಾಯಿಲ್ ಒಂದು ಕಿಡಿಗೆ ಮೂವತ್ತು ಮಿಲಿಜೂಲ್ ಅಥವಾ ಅದಕ್ಕೂ ಹೆಚ್ಚು ಕೊಡುತ್ತದೆ. ಅಂದರೆ ಮೀಸಲು ಮೊದಲೇ ಸಾಕಷ್ಟಿದೆ.

ಡಬ್ಬಿಯ ಮೇಲೆ ಅಚ್ಚಾಗಿರುವ ವೋಲ್ಟಿನ ಸಂಖ್ಯೆಯೂ ದಾರಿ ತಪ್ಪಿಸುತ್ತದೆ. ಕಾಯಿಲ್‌ನ ವೋಲ್ಟೇಜು ಏರುತ್ತಾ ಹೋಗಿ, ಪ್ಲಗ್ಗಿನ ಸಂದನ್ನು ದಾಟಲು ಎಷ್ಟು ಬೇಕೋ ಅಷ್ಟಕ್ಕೆ ಕಿಡಿ ಹಾರುತ್ತದೆ; ಹಾರಿದ ಕೂಡಲೇ ಏರಿಕೆ ನಿಲ್ಲುತ್ತದೆ. ಪ್ಲಗ್ಗಿಗೆ 12,000 ವೋಲ್ಟ್ ಸಾಕಾಗಿದ್ದರೆ, 30,000 ವೋಲ್ಟಿನ ಕಾಯಿಲ್ ಆಗಲಿ 50,000 ವೋಲ್ಟಿನ ಕಾಯಿಲ್ ಆಗಲಿ ಕಿಡಿ ಹಾರಿಸುವುದು 12,000ಕ್ಕೇ. ಬೇಡಿಕೆಯನ್ನು ಹೆಚ್ಚಿಸುವುದು ಸಿಲಿಂಡರಿನ ಒತ್ತಡ, ಪ್ಲಗ್ಗಿನ ಸಂದು, ತೆಳುವಾದ ಮಿಶ್ರಣ ಇವುಗಳೇ ಹೊರತು ಕಾಯಿಲ್ ಅಲ್ಲ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಕೂರಿಸಿ ಸಿಲಿಂಡರಿನ ಒತ್ತಡ ಏರಿಸಿದ ಎಂಜಿನ್ನಿಗೆ ಬಲವಾದ ಕಾಯಿಲ್ ಅಗತ್ಯವಾಗಬಹುದು. ಆದರೆ ಅಂಥ ಟ್ರಕ್ಕು ಕಂಪನಿಯಿಂದ ಬಂದಂತೆ ಉಳಿದಿಲ್ಲ ಎಂಬುದನ್ನು ನೆನಪಿಡಬೇಕು.

ಸಮಯದ ಲೆಕ್ಕವೂ ಇದನ್ನೇ ಹೇಳುತ್ತದೆ. ಎಂಟು ಸಿಲಿಂಡರಿನ ಎಂಜಿನ್ನು ಒಂದೇ ಕಾಯಿಲ್ ಇಟ್ಟುಕೊಂಡು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಕಿಡಿ ಬೇಕು. ಒಂದೊಂದು ಕಿಡಿಯ ನಡುವೆ ಐದು ಮಿಲಿಸೆಕೆಂಡ್ ಬಿಡುವು ಇರುತ್ತದೆ. ಕಾಯಿಲ್ ತುಂಬಿಕೊಳ್ಳಲು ಸುಮಾರು ಮೂರು ಮಿಲಿಸೆಕೆಂಡ್ ಬೇಕಾದರೂ ಸಮಯ ಮಿಗುತ್ತದೆ. 5,000 ಸುತ್ತು ದಾಟಿದರೆ ಕೊರತೆ ಆರಂಭವಾಗುವುದು ನಿಜ, ಆದರೆ ಹೊರೆ ಎಳೆಯುವ ಟ್ರಕ್ಕು ಆ ವೇಗದಲ್ಲಿ ದಿನ ಕಳೆಯುವುದಿಲ್ಲ. ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಂತೂ 5,000 ಸುತ್ತಿನಲ್ಲೂ ಪ್ರತಿ ಕಾಯಿಲ್‌ಗೆ 24 ಮಿಲಿಸೆಕೆಂಡ್ ಸಿಗುತ್ತದೆ.

ಆದ್ದರಿಂದ ಇಲ್ಲಿ ಹುಡುಕಬೇಕಾದದ್ದು ಬೇರೆ ಕಡೆ. ಏರ್ ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ಟೈರಿನ ಗಾಳಿ ಅಳೆಯಬೇಕು. ಗಾಡಿ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಬಳಿ ಕೈ ಒಡ್ಡಿ, ಯಾವುದಾದರೂ ಒಂದು ಉಳಿದವುಗಳಿಗಿಂತ ಹೆಚ್ಚು ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದು ತಿಳಿಯಬೇಕು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ ಎಂದು ಎಂಜಿನ್ ನಿಲ್ಲಿಸಿ ಒಬ್ಬರು ಒತ್ತಿ ಇನ್ನೊಬ್ಬರು ನೋಡಿದರೆ ಗೊತ್ತಾಗುತ್ತದೆ.

ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಾದರೆ ಆಮೇಲೆ ಟೈಮಿಂಗ್ ನೋಡಬೇಕು. ವ್ಯಾಕ್ಯೂಮ್ ಪೈಪನ್ನು ಬಿಡಿಸಿ ಮುಚ್ಚಿ, ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ ಮೂಲ ಟೈಮಿಂಗನ್ನು ಲೈಟ್ ಹಿಡಿದು ಓದಬೇಕು. ನಂತರ ವೇಗ ಏರಿಸಿದಂತೆ ಗುರುತು ನುಣುಪಾಗಿ ಮುಂದಕ್ಕೆ ಸರಿಯಬೇಕು. ಸರಿಯದೇ ನಿಂತರೆ ಡಿಸ್ಟ್ರಿಬ್ಯೂಟರಿನ ಒಳಗಿನ ತೂಕದ ತುಂಡುಗಳು ತುಕ್ಕು ಹಿಡಿದು ಅಂಟಿಕೊಂಡಿವೆ ಎಂದು ತಿಳಿಯಬೇಕು, ಇದು ಪಿಕಪ್ ತಿನ್ನುವ ದೋಷ. ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟಾಗ ಒಳಗಿನ ತಟ್ಟೆ ಸರಿದು ಅಲ್ಲಿಯೇ ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ, ಇದು ಹಗುರ ಓಟದಲ್ಲಿ ಮೈಲೇಜ್ ತಿನ್ನುವ ದೋಷ. ಇವೆರಡನ್ನೂ ಯಾವ ಬಲಶಾಲಿ ಕಾಯಿಲ್ ಕೂಡ ಸರಿಪಡಿಸಲಾರದು. ಹಾಗಿದ್ದೂ ಕಿಟ್ ಕೊಳ್ಳುವವರಲ್ಲಿ ಟೈಮಿಂಗ್ ಲೈಟ್ ಹಿಡಿದು ನೋಡಿದವರು ಅಪರೂಪ.

ಲಕ್ಷಣ: ಸೆಲ್ಫ್ ಹೊಡೆದರೂ ಬೇಗ ಸ್ಟಾರ್ಟ್ ಆಗುವುದಿಲ್ಲ

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಎಂಜಿನ್ ತಿರುಗಿದರೂ ಕಾಯಿಲ್‌ಗೆ ಸಿಗುವ ವಿದ್ಯುತ್ ಸಾಲದು. ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿಯನ್ನು ತೊಳೆದು ಬಿಗಿ ಮಾಡುವುದರಿಂದಲೇ ಎಷ್ಟೋ ಸಲ ತೊಂದರೆ ಮುಗಿಯುತ್ತದೆ.

ಬ್ಯಾಟರಿ ಸರಿಯಿದ್ದರೆ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿದು ಸೆಲ್ಫ್ ಹೊಡೆಯಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ಕೆಟ್ಟಿದೆ. ಮುಂದಿನದು ಸ್ಪಾರ್ಕ್ ಟೆಸ್ಟರ್. ಕಿಡಿ ಚೆನ್ನಾಗಿ ಹಾರುತ್ತಿದ್ದರೆ ಇಗ್ನಿಷನ್ ಬಿಟ್ಟು ಪೆಟ್ರೋಲಿನ ಕಡೆ ಹೋಗಬೇಕು. ಯಾವ ಸಿಲಿಂಡರಿಗೂ ಕಿಡಿ ಇಲ್ಲದಿದ್ದರೆ ಕೀ ಹಾಕಿದಾಗ ಕಾಯಿಲ್‌ನ ಪಾಸಿಟಿವ್‌ಗೆ ವಿದ್ಯುತ್ ಬರುತ್ತಿದೆಯೇ, ಫ್ಯೂಸ್ ಹೋಗಿದೆಯೇ, ಕಿಡಿ ಯಾವಾಗ ಹಾರಬೇಕೆಂಬ ಸಂಕೇತ ಕೊಡುವ ಕ್ರ್ಯಾಂಕ್ ಸೆನ್ಸರಿನ ಅಥವಾ ಡಿಸ್ಟ್ರಿಬ್ಯೂಟರಿನ ಪಿಕಪ್ ಕಾಯಿಲ್‌ನ ಕನೆಕ್ಟರ್ ಸಡಿಲವಾಗಿದೆಯೇ ಎಂದು ನೋಡಬೇಕು. ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಎಂಜಿನ್ ಎಂದಿಗಿಂತ ಹಗುರವಾಗಿ, ಸರಾಗವಾಗಿ ತಿರುಗುತ್ತಿದೆ ಎನಿಸಿದರೆ ಟೈಮಿಂಗ್ ಚೈನ್ ಅಥವಾ ಬೆಲ್ಟ್ ತುಂಡಾಗಿರುವ ಸಾಧ್ಯತೆ ಇದೆ. ಅಲ್ಲಿಗೆ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ ಮೆಕ್ಯಾನಿಕ್‌ಗೆ ಒಪ್ಪಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಮತ್ತೆ ಮತ್ತೆ ತಿರುಗಿಸಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ.

ಲಕ್ಷಣ: ನಿಂತಲ್ಲೇ ಓಡುವಾಗ ಅದುರುತ್ತದೆ

ಒಂದೇ ಲಯದಲ್ಲಿ, ತಪ್ಪದೆ ಬರುವ ಅದುರು ಒಂದು ನಿರ್ದಿಷ್ಟ ಸಿಲಿಂಡರಿನದು. ಲಯವಿಲ್ಲದೆ ಆಗೊಮ್ಮೆ ಈಗೊಮ್ಮೆ ಬರುವ ಅದುರು ಎಲ್ಲ ಸಿಲಿಂಡರಿಗೂ ಸೇರಿದ್ದು, ಮುಖ್ಯವಾಗಿ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿರುವುದರ ಸೂಚನೆ. ಬಿರುಕು ಬಿಟ್ಟ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬಾಗಿಸಿ ನೋಡುವುದು, ಎಲ್ಲಿ ಹಿಸ್ಸೆನ್ನುವ ಸದ್ದು ಬರುತ್ತಿದೆ ಎಂದು ಕಿವಿಗೊಡುವುದು ಮೊದಲ ಕೆಲಸ.

ಕಂಪ್ಯೂಟರ್ ಇರುವ ಗಾಡಿಯಾದರೆ ಕೋಡ್ ಓದುವುದರಿಂದ ಅರ್ಧ ದಾರಿ ಮುಗಿಯುತ್ತದೆ. ಪಿ0300 ಎಂದರೆ ಯಾವ ಸಿಲಿಂಡರೆಂದು ನಿರ್ದಿಷ್ಟವಾಗದ ಮಿಸ್‌ಫೈರ್ (ಮಿಸ್ಸಿಂಗ್), ಪಿ0301 ಎಂದರೆ ಒಂದನೇ ಸಿಲಿಂಡರಿನದು, ಪಿ0302 ಎರಡನೆಯದು, ಹೀಗೆ ಮುಂದುವರಿಯುತ್ತದೆ. ಸಿಲಿಂಡರಿಗೊಂದು ಕಾಯಿಲ್ ಇದ್ದರೆ ದುಡ್ಡು ಖರ್ಚಾಗದ ಪರೀಕ್ಷೆಯೊಂದು ಕೈಯಲ್ಲೇ ಇದೆ: ತಪ್ಪುತ್ತಿರುವ ಸಿಲಿಂಡರಿನ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡುವುದು. ದೋಷ ಕಾಯಿಲ್ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲಿಯೇ ಉಳಿದರೆ ಪ್ಲಗ್ಗನ್ನು ಹಾಗೆಯೇ ಅದಲುಬದಲು ಮಾಡಬೇಕು. ಅದೂ ಫಲ ಕೊಡದಿದ್ದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಅತಿ ಕಡಿಮೆ ಒತ್ತಡದ ಸಿಲಿಂಡರು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಅದು ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟಿನ ವಿಷಯ; ಇಗ್ನಿಷನ್ ಕಿಟ್‌ಗೆ ಹಾಕುವ ಹಣವನ್ನು ಅದಕ್ಕೆ ಉಳಿಸಿಕೊಳ್ಳುವುದು ಮೇಲು.

ಕಿಟ್ ಪರವಾಗಿ ಹೇಳಬಹುದಾದ ಒಂದು ಮಾತು ಇಲ್ಲಿದೆ. ನಿಂತಲ್ಲೇ ಓಡುವಾಗ ಸಿಲಿಂಡರಿನಲ್ಲಿ ಸುಟ್ಟ ಹೊಗೆ ಹೆಚ್ಚು ಉಳಿದಿರುವುದರಿಂದ ಮಿಶ್ರಣಕ್ಕೆ ಬೆಂಕಿ ಹತ್ತುವುದು ಸ್ವಲ್ಪ ಕಷ್ಟ. ಹಲವು ಕಿಡಿ ಹಾರಿಸುವ ಪೆಟ್ಟಿಗೆ ಅಲ್ಲಿ ಎಂಜಿನ್ನನ್ನು ತುಸು ನಯವಾಗಿಸಬಹುದು. ಆದರೆ ವೇಗ ಏರಿದಂತೆ ಹಲವು ಕಿಡಿಗೆ ಸಮಯವೇ ಇರುವುದಿಲ್ಲ. 3,000 ಸುತ್ತಿನಲ್ಲಿ ಕ್ರ್ಯಾಂಕ್ 20 ಡಿಗ್ರಿ ತಿರುಗಲು ಹಿಡಿಯುವುದು ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಅಷ್ಟೆ, ಹಾಗಾಗಿ ಆ ಆಸುಪಾಸಿನಲ್ಲಿ ಇಂಥ ಪೆಟ್ಟಿಗೆಗಳೂ ಒಂದೇ ಕಿಡಿಗೆ ಇಳಿಯುತ್ತವೆ. ಹೊರೆ ಎಳೆಯುವಾಗ ಬೇಕಾದ ಬಲಕ್ಕೂ ಈ ನಯಕ್ಕೂ ಸಂಬಂಧವಿಲ್ಲ.

ಲಕ್ಷಣ: ಏರು ಹತ್ತುವಾಗ, ಹೊರೆ ಇದ್ದಾಗ ಮಾತ್ರ ಮಿಸ್ಸಿಂಗ್

ಇಗ್ನಿಷನ್ ದುರ್ಬಲವಾಗಿದೆ ಎಂದು ಸಾರಿ ಹೇಳುವ ಲಕ್ಷಣವಿದು. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನ ಒತ್ತಡ ಏರುತ್ತದೆ, ಅದೇ ಸಂದನ್ನು ದಾಟಲು ಹೆಚ್ಚಿನ ವೋಲ್ಟೇಜು ಬೇಕಾಗುತ್ತದೆ. ಆಗ ವಿದ್ಯುತ್ತು ಪ್ಲಗ್ಗಿನ ಸಂದಿಗಿಂತ ಸುಲಭವಾದ ದಾರಿ ಎಲ್ಲಿ ಸಿಗುತ್ತದೋ ಅಲ್ಲಿ ಹಾರಿಬಿಡುತ್ತದೆ. ಈ ಹಂತದಲ್ಲಿ ಹೆಚ್ಚು ವೋಲ್ಟಿನ ಕಾಯಿಲ್ ಹಾಕಿದರೆ ಕೆಲವು ದಿನ ಮಿಸ್ಸಿಂಗ್ ಮರೆಯಾಗಲೂಬಹುದು. ಆದರೆ ಸೋರುವ ಜಾಗ ಹಾಗೆಯೇ ಇರುವುದರಿಂದ ಅದು ಇನ್ನಷ್ಟು ಬೇಗ ಸುಟ್ಟುಹೋಗುತ್ತದೆ.

ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ತಿಳಿಯುವಂತೆ ಸಾಲಾಗಿ ಇಡಬೇಕು. ಸಂದನ್ನು ಫೀಲರ್ ಗೇಜಿನಿಂದ ಅಳೆದು ಕೈಪಿಡಿಯ ಅಳತೆಗೆ ಹೋಲಿಸಬೇಕು. 1.1 ಮಿಲಿಮೀಟರ್ ಇರಬೇಕಾದದ್ದು ಸವೆದು 1.4 ಆಗಿದ್ದರೆ ಹೊರೆಯಲ್ಲಿ ತಪ್ಪುವುದಕ್ಕೆ ಅಷ್ಟೇ ಕಾರಣ ಸಾಕು. ಸಂದು ಮಾತ್ರವಲ್ಲ, ನಡುವಿನ ಎಲೆಕ್ಟ್ರೋಡಿನ ಅಂಚನ್ನೂ ನೋಡಬೇಕು. ಹೊಸ ಪ್ಲಗ್ಗಿನಲ್ಲಿ ಅಂಚು ಚೂಪಾಗಿರುತ್ತದೆ, ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹೊರಡುತ್ತದೆ. ಸವೆದು ಉರುಟಾದ ತುದಿಗೆ, ಸಂದನ್ನು ಬಗ್ಗಿಸಿ ಸರಿಮಾಡಿದರೂ, ಹೆಚ್ಚಿನ ವೋಲ್ಟೇಜು ಬೇಕು. ಹಾಗಾಗಿ ಉರುಟಾದ ಪ್ಲಗ್ಗಿನ ಸಂದು ತಿದ್ದುವುದಕ್ಕಿಂತ ಬದಲಿಸುವುದು ಸರಿ.

ಬಿಳಿ ಪಿಂಗಾಣಿಯ ಮೇಲಿನ ಗುರುತುಗಳನ್ನು ಓದಲು ಕಲಿತರೆ ಬಹಳಷ್ಟು ಗೊತ್ತಾಗುತ್ತದೆ. ಲೋಹದ ಷಡ್ಭುಜದ ಮೇಲ್ಭಾಗದಲ್ಲಿ ಪಿಂಗಾಣಿಯ ಸುತ್ತ ಕಂದು ಬಣ್ಣದ ಉಂಗುರ ಕಂಡರೆ ಗಾಬರಿ ಬೇಡ; ಸುತ್ತಲಿನ ಗಾಳಿಯ ಎಣ್ಣೆಯಂಶ ವಿದ್ಯುತ್ತಿಗೆ ಸೆಳೆದು ಅಂಟಿದ ಕಲೆ ಅದು, ದೋಷವಲ್ಲ. ಮೇಲಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ ಕಂಡರೆ ಮಾತ್ರ ಕಿಡಿ ಹೊರಗಿನಿಂದಲೇ ಅರ್ತ್‌ಗೆ ಇಳಿಯುತ್ತಿದೆ ಎಂದು ಅರ್ಥ. ಅಂಥ ಪ್ಲಗ್ಗಿಗೆ ಹೊಂದಿಕೊಂಡಿದ್ದ ರಬ್ಬರ್ ಬೂಟಿನ ಒಳಗೂ ಅದೇ ಗೆರೆಯ ಜೋಡಿ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿ ಹಳೆಯ ಬೂಟನ್ನು ಹಾಕಿದರೆ ಹೊಸ ಪ್ಲಗ್ಗಿನ ಮೇಲೂ ಅಲ್ಪ ಕಾಲದಲ್ಲಿ ಗೆರೆ ಮೂಡುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಪ್ಲಗ್ಗಿನ ತುದಿಯ ಬಣ್ಣ ಇನ್ನೊಂದು ಸುಳಿವು. ತಿಳಿ ಕಂದು ಅಥವಾ ಬೂದು ಸರಿಯಾದದ್ದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಒದ್ದೆ ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಸುಣ್ಣದಂತೆ ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ಅತಿಯಾದ ಶಾಖ. ಅದರ ಕಾರಣ ತಿಳಿಯುವವರೆಗೆ ಹೊರೆ ಹೇರಬಾರದು.

ಪ್ಲಗ್ ವೈರುಗಳಿಗೆ ಓಮ್ ಪರೀಕ್ಷೆ ಮಾಡಬಹುದು. ಸಾಮಾನ್ಯ ಇಂಗಾಲದ ತಿರುಳಿನ ವೈರು ಮೀಟರ್ ಉದ್ದಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಓಮ್ ತೋರಿಸುತ್ತದೆ. ನಿಖರ ಸಂಖ್ಯೆಗಿಂತ, ಒಂದು ವೈರು ಉಳಿದವುಗಳಿಗಿಂತ ಬಹಳ ಹೆಚ್ಚು ತೋರಿಸುತ್ತಿದೆಯೇ, ಅಲುಗಾಡಿಸಿದಾಗ ಓದು ಜಿಗಿಯುತ್ತಿದೆಯೇ ಎಂಬುದು ಮುಖ್ಯ. ಓಮ್ ಸರಿಯಿದ್ದೂ ಹೊದಿಕೆ ಸೋರುವ ವೈರುಗಳಿವೆ ಎಂಬುದನ್ನು ಮರೆಯಬಾರದು.

ಈ ಹಂತದಲ್ಲಿ ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಅದನ್ನು ಎಚ್ಚರಿಕೆಯೆಂದಲ್ಲ, ಆಜ್ಞೆಯೆಂದು ತಿಳಿಯಬೇಕು. ಸುಡದ ಪೆಟ್ರೋಲು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನು ಕರಗಿಸುವ ಮಟ್ಟಕ್ಕೆ ಬಿಸಿಮಾಡುತ್ತಿದೆ ಎಂದು ಅದರ ಅರ್ಥ. ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತವಾದ ಕಡೆ ನಿಲ್ಲಿಸಿ, ಗಾಡಿಯ ಕೆಳಗೆ ಒಣ ಹುಲ್ಲು ಇಲ್ಲವೆಂದು ಖಚಿತಪಡಿಸಿಕೊಂಡು, ಅಲ್ಲಿಂದ ಎಳೆದೊಯ್ಯಿಸುವುದು ಒಳ್ಳೆಯದು.

ಲಕ್ಷಣ: ಮಳೆ, ಮಂಜು, ತೊಳೆದ ಮೇಲೆ ತೊಂದರೆ

ಕತ್ತಲಲ್ಲಿ ಬಾನೆಟ್ ತೆರೆದು, ಎಂಜಿನ್ ಓಡಿಸಿ, ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ತೆಳ್ಳಗೆ ನೀರಿನ ಮಂಜು ಹಾಯಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ, ಚಟಪಟ ಸದ್ದು ಕೇಳುತ್ತದೆ. ಕೈಯನ್ನು ದೂರವಿಟ್ಟುಕೊಂಡು ಈ ಪರೀಕ್ಷೆ ಮಾಡಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಭಾಗವನ್ನು ಟಾರ್ಚ್ ಹಿಡಿದು ನೋಡಿದರೆ ಬಿರುಕು, ಇಂಗಾಲದ ಗೆರೆ, ಸವೆದ ನಡುವಣ ಕಡ್ಡಿ ಕಾಣಸಿಗುತ್ತವೆ. ರೋಟರಿನ ಅಡಿಯಲ್ಲಿ ಸುಟ್ಟ ಚುಕ್ಕೆ ಇದ್ದರೆ ಕಿಡಿ ಅದನ್ನು ತೂತುಮಾಡಿ ಶಾಫ್ಟಿಗೆ ಇಳಿಯುತ್ತಿದೆ. ಒರೆಸಿ ಒಣಗಿಸಿದರೆ ಆ ದಿನ ಗಾಡಿ ಓಡುತ್ತದೆ, ಆದರೆ ಇಂಗಾಲದ ಗೆರೆ ಬಿದ್ದ ಕ್ಯಾಪನ್ನು ಕೆರೆದು ಉಳಿಸಿಕೊಳ್ಳಲಾಗದು. ಮೂಲ ದರ್ಜೆಯ ಕ್ಯಾಪ್, ರೋಟರ್, ವೈರು ಇಲ್ಲಿ ಪೂರ್ತಿ ಪರಿಹಾರ.

ಲಕ್ಷಣ: ಬಿಸಿಯಾದ ಮೇಲೆ ನಿಂತುಹೋಗಿ, ತಣಿದ ಮೇಲೆ ಸ್ಟಾರ್ಟ್ ಆಗುತ್ತದೆ

ಈ ದೋಷವನ್ನು ಹಿಡಿಯಬೇಕಾದದ್ದು ಅದು ನಿಂತ ಕ್ಷಣದಲ್ಲಿಯೇ, ಆದ್ದರಿಂದ ಸ್ಪಾರ್ಕ್ ಟೆಸ್ಟರ್ ಗಾಡಿಯಲ್ಲೇ ಇರಬೇಕು. ನಿಂತ ಕೂಡಲೇ ಕಿಡಿ ಇದ್ದರೆ ಪೆಟ್ರೋಲ್ ಪಂಪು, ಆವಿ ಕಟ್ಟಿದ ಪೈಪು ಇವುಗಳ ಕಡೆ ಹೋಗಬೇಕು. ಕಿಡಿ ಇಲ್ಲದಿದ್ದರೆ ಸಂಶಯ ಮೂರು ಭಾಗಗಳ ಮೇಲೆ: ಇಗ್ನಿಷನ್ ಮಾಡ್ಯೂಲ್, ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಅಥವಾ ಪಿಕಪ್ ಕಾಯಿಲ್.

ಜನರಲ್ ಮೋಟಾರ್ಸ್ 1970ರ ದಶಕದ ನಡುವಿನಿಂದ ಬಳಸಿದ, ಎಚ್‌ಇಐ ಎಂದು ಹೆಸರಾದ ಡಿಸ್ಟ್ರಿಬ್ಯೂಟರಿನಲ್ಲಿ ಮಾಡ್ಯೂಲ್ ಒಳಗೇ ಕೂತಿರುತ್ತದೆ, ತನ್ನ ಶಾಖವನ್ನು ತಳದ ಲೋಹಕ್ಕೆ ದಾಟಿಸುತ್ತದೆ. ಮಾಡ್ಯೂಲಿನ ಅಡಿಗೆ ಶಾಖ ಸಾಗಿಸುವ ಪೇಸ್ಟ್ ಹಚ್ಚದೆ ಕೂರಿಸಿದರೆ ಹೊಸ ಮಾಡ್ಯೂಲ್ ಕೂಡ ಬೇಗ ಸಾಯುತ್ತದೆ. ಅದೇ ಡಿಸ್ಟ್ರಿಬ್ಯೂಟರಿನಲ್ಲಿ ವ್ಯಾಕ್ಯೂಮ್ ತಟ್ಟೆ ಸರಿದಾಗಲೆಲ್ಲ ಬಾಗುವ ಪಿಕಪ್ ಕಾಯಿಲ್‌ನ ಎರಡು ಸಣ್ಣ ತಂತಿಗಳು ಹೊದಿಕೆಯ ಒಳಗೇ ತುಂಡಾಗುವುದುಂಟು. ಹೊರಗಿನಿಂದ ತಂತಿ ಚೆನ್ನಾಗಿಯೇ ಕಾಣುತ್ತದೆ. ಓಮ್ ಮೀಟರ್ ಹಿಡಿದು, ತಟ್ಟೆಯನ್ನು ಅತ್ತಿತ್ತ ಸರಿಸುತ್ತಾ ನೋಡಬೇಕು: 500ರಿಂದ 1,500 ಓಮ್ ನಡುವೆ ಸ್ಥಿರವಾಗಿ ನಿಲ್ಲದೆ ಓದು ಮಾಯವಾದರೆ ಕಳ್ಳ ಸಿಕ್ಕಿದಂತೆ. ಇಂಥ ದೋಷಕ್ಕೆ ಹೊರಗೊಂದು ಪೆಟ್ಟಿಗೆ ಕೂರಿಸಿದರೂ ಸಂಕೇತ ಕೊಡುವುದು ಅದೇ ಪಿಕಪ್ ಕಾಯಿಲ್ ಆದ್ದರಿಂದ ಗಾಡಿ ಮತ್ತೆ ನಿಲ್ಲುತ್ತದೆ.

ವಾಹನಗಳು ವೇಗವಾಗಿ ಸಾಗುವ ರಸ್ತೆಯಲ್ಲಿ ಹೀಗೆ ನಿಂತುಹೋಗುವ ಗಾಡಿಯನ್ನು ಪರೀಕ್ಷೆಗೆಂದು ಓಡಿಸುತ್ತಾ ಇರಬಾರದು. ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿನ ಬೂಸ್ಟರ್ ಒಂದೆರಡು ಒತ್ತಿಗಷ್ಟೇ ನೆರವಾಗುತ್ತದೆ.

ಲಕ್ಷಣ: ಹೊರೆಯಲ್ಲಿ ಟಕಟಕ ಸದ್ದು

ಇದು ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣ ಕ್ರಮವಾಗಿ ಉರಿಯದೆ ಒಮ್ಮೆಗೇ ಸಿಡಿಯುವುದು. ಟೈಮಿಂಗ್ ಅತಿ ಮುಂದಾಗಿರುವುದು, ಕಡಿಮೆ ಆಕ್ಟೇನ್ ಪೆಟ್ರೋಲ್, ಒಳಗೆ ಕಟ್ಟಿದ ಇಂಗಾಲ, ಅತಿ ಬಿಸಿ ದರ್ಜೆಯ ಪ್ಲಗ್, ಕೆಲಸ ಮಾಡದ ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ನಿಗೆ ಮರಳಿಸುವ ಭಾಗ) ಇವು ಕಾರಣಗಳು. ಹೆಚ್ಚು ಕಿಡಿ ಇದಕ್ಕೆ ಔಷಧವಲ್ಲ. ಟೈಮಿಂಗನ್ನು ಕೈಪಿಡಿಯ ಅಂಕಿಗೆ ತಂದರೂ ಸದ್ದು ನಿಲ್ಲದಿದ್ದರೆ ಹೊರೆ ಹೇರುವುದನ್ನು ಬಿಟ್ಟು ಪರಿಣತರಿಗೆ ತೋರಿಸಬೇಕು. ಬಹಳ ಕಾಲ ನಾಕಿಂಗ್ ಸಹಿಸಿದ ಪಿಸ್ಟನ್ ಒಡೆಯುತ್ತದೆ.

ಪಾಯಿಂಟ್ ಇರುವ ಹಳೆಯ ಟ್ರಕ್ಕು: ಬದಲಾವಣೆ ಇಲ್ಲಿ ಸಾರ್ಥಕ

ಅಮೆರಿಕದ ದೊಡ್ಡ ತಯಾರಕರು 1970ರ ದಶಕದ ನಡುಭಾಗದ ಹೊತ್ತಿಗೆ ಪಾಯಿಂಟ್ ಕೈಬಿಟ್ಟರು. ಅದಕ್ಕೂ ಹಿಂದಿನ ಟ್ರಕ್ಕುಗಳಲ್ಲಿ ಕಾಯಿಲ್‌ನ ವಿದ್ಯುತ್ತನ್ನು ಕಡಿಯುವುದು ಎರಡು ಲೋಹದ ತುಂಡುಗಳು. ಅವುಗಳ ನಡುವಿನ ಸಂದು ಸಾಮಾನ್ಯವಾಗಿ 0.4 ಮಿಲಿಮೀಟರ್ ಆಸುಪಾಸು. ಕ್ಯಾಮ್ ಮೇಲೆ ಉಜ್ಜುವ ತುಂಡು ಸವೆದಂತೆ ಸಂದು ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಬಿಚ್ಚಿದ ಪಾಯಿಂಟನ್ನು ಬೆಳಕಿಗೆ ಹಿಡಿದರೆ ಒಂದು ಮುಖದಲ್ಲಿ ಸಣ್ಣ ಗುಂಡಿ, ಎದುರಿನ ಮುಖದಲ್ಲಿ ಅದಕ್ಕೆ ತಕ್ಕ ಮೊನೆ ಕಾಣುತ್ತದೆ. ಇದು ಬಹಳ ಬೇಗ ಆಗುತ್ತಿದ್ದರೆ ಕಂಡೆನ್ಸರನ್ನು (ಪಾಯಿಂಟಿಗೆ ಜೋಡಿಸಿದ ಸಣ್ಣ ಕೆಪ್ಯಾಸಿಟರ್) ಸಂಶಯಿಸಬೇಕು.

ಇಂಥ ಗಾಡಿಗೆ ಡಿಸ್ಟ್ರಿಬ್ಯೂಟರಿನ ಒಳಗೇ ಕೂರುವ ಎಲೆಕ್ಟ್ರಾನಿಕ್ ಕಿಟ್ ನಿಜವಾದ ಲಾಭ ಕೊಡುತ್ತದೆ. ಲಾಭವೆಂದರೆ ಅಶ್ವಶಕ್ತಿಯಲ್ಲ: ಹೊಂದಿಸಿದ ಟೈಮಿಂಗ್ ಹೊಂದಿಸಿದಲ್ಲೇ ನಿಲ್ಲುತ್ತದೆ, ಪಾಯಿಂಟ್ ತಿದ್ದುವ ಕೆಲಸ ತಪ್ಪುತ್ತದೆ, ಬೆಳಗಿನ ಸ್ಟಾರ್ಟಿಂಗ್ ಭರವಸೆಯದಾಗುತ್ತದೆ. ಆದರೆ ಕೊಳ್ಳುವ ಮುನ್ನ ರೋಟರ್ ಶಾಫ್ಟನ್ನು ಬೆರಳಿನಿಂದ ಅಡ್ಡಕ್ಕೆ ಅಲುಗಾಡಿಸಿ ನೋಡಬೇಕು. ಕೈಗೆ ತಿಳಿಯುವಷ್ಟು ಆಟ ಇದ್ದರೆ ಬುಶ್ ಸವೆದಿದೆ, ಅಂಥ ಡಿಸ್ಟ್ರಿಬ್ಯೂಟರಿನಲ್ಲಿ ಯಾವ ಕಿಟ್ ಹಾಕಿದರೂ ಟೈಮಿಂಗ್ ಕುಣಿಯುತ್ತದೆ. ದೂರದ ಪ್ರಯಾಣಕ್ಕೆ ಹೋಗುವವರು ಬಿಚ್ಚಿದ ಪಾಯಿಂಟ್ ಮತ್ತು ಕಂಡೆನ್ಸರನ್ನು ಗಾಡಿಯಲ್ಲಿಯೇ ಇಟ್ಟುಕೊಳ್ಳುವುದು ಜಾಣತನ. ಎಲೆಕ್ಟ್ರಾನಿಕ್ ತುಂಡು ಕೈಕೊಟ್ಟರೆ ದಾರಿಯಲ್ಲಿ ಅದನ್ನು ರಿಪೇರಿ ಮಾಡಲಾಗದು.

ಲಕ್ಷಣ: ಕಿಟ್ ಹಾಕಿದ ಮೇಲೆಯೇ ತೊಂದರೆ ಶುರುವಾಯಿತು

ಪಾಯಿಂಟ್ ಕಾಲದ ಬಹಳಷ್ಟು ಗಾಡಿಗಳಲ್ಲಿ ಕಾಯಿಲ್‌ಗೆ ಹೋಗುವ ತಂತಿಯಲ್ಲಿ ಒಂದು ರೆಸಿಸ್ಟರ್ ಅಥವಾ ರೆಸಿಸ್ಟೆನ್ಸ್ ವೈರು ಇರುತ್ತದೆ. ಸೆಲ್ಫ್ ಹೊಡೆಯುವಾಗ ಮಾತ್ರ ಪೂರ್ತಿ ವೋಲ್ಟೇಜು, ಓಡುವಾಗ ಅದಕ್ಕಿಂತ ಕಡಿಮೆ. ಪೂರ್ತಿ ಹನ್ನೆರಡು ವೋಲ್ಟ್ ಬೇಡುವ ಮಾಡ್ಯೂಲನ್ನು ಈ ತಂತಿಗೆ ಸೇರಿಸಿದರೆ, ಎಂಜಿನ್ ಸ್ಟಾರ್ಟ್ ಆಗಿ ಕೀ ಬಿಟ್ಟ ಕೂಡಲೇ ನಿಂತುಹೋಗುತ್ತದೆ. ಮಲ್ಟಿಮೀಟರ್ ಹಿಡಿದರೆ ಒಂದೇ ನಿಮಿಷದಲ್ಲಿ ಪತ್ತೆಯಾಗುವ ದೋಷವಿದು. ಇದಕ್ಕೆ ವಿರುದ್ಧವಾಗಿ, ರೆಸಿಸ್ಟರ್ ತೆಗೆದು ಹಳೆಯ 1.5 ಓಮ್ ಕಾಯಿಲನ್ನೇ ಉಳಿಸಿದರೆ ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕಿಟ್ ಯಾವ ಓಮ್‌ನ ಕಾಯಿಲ್ ಬೇಡುತ್ತದೆ ಎಂದು ಅದರ ಹಾಳೆಯಲ್ಲಿ ಓದಿ, ಮೀಟರಿನಿಂದ ಅಳೆದೇ ಜೋಡಿಸಬೇಕು. ಎಂಜಿನ್ ನಿಲ್ಲಿಸಿ ಕೀಯನ್ನು ಆನ್‌ನಲ್ಲೇ ಬಿಡುವ ಅಭ್ಯಾಸ ಕೆಲವು ಮಾಡ್ಯೂಲುಗಳನ್ನು ಸುಡುತ್ತದೆ. ಪಾಸಿಟಿವ್, ನೆಗೆಟಿವ್ ಅದಲುಬದಲಾದರೆ ಅವು ಆ ಕ್ಷಣದಲ್ಲೇ ಸಾಯುತ್ತವೆ.

ಕಂಪ್ಯೂಟರ್ ಇರುವ ಗಾಡಿಯಲ್ಲಿ ತೊಂದರೆಗಳು ಬೇರೆ ಬಗೆಯವು. ಆರ್‌ಪಿಎಂ ಮುಳ್ಳು ಕುಣಿದರೆ ಅಥವಾ ಸತ್ತರೆ ಪೆಟ್ಟಿಗೆಯ ಸಂಕೇತ ಮೀಟರಿಗೆ ಹೊಂದುತ್ತಿಲ್ಲ. ಗಟ್ಟಿ ತಾಮ್ರದ ತಿರುಳಿನ ಪ್ಲಗ್ ವೈರು ಹಾಕಿದ ಮೇಲೆ ರೇಡಿಯೋ ಗರಗರ ಎನ್ನತೊಡಗಿದರೆ, ಸೆನ್ಸರುಗಳ ಸಂಕೇತವೂ ಹಾಗೆಯೇ ಕಲುಷಿತವಾಗುತ್ತಿದೆ ಎಂದು ಭಾವಿಸಿ ಆ ವೈರುಗಳನ್ನು ಮೊದಲು ತೆಗೆಯಬೇಕು. ಕಾಯಿಲ್ ಸರ್ಕ್ಯೂಟಿಗೆ ಸೇರಿದ ಪಿ0351, ಪಿ0352 ಮುಂತಾದ ಕೋಡುಗಳು ಬಂದರೆ ಕಂಪ್ಯೂಟರಿಗೆ ತಾನು ನಿರೀಕ್ಷಿಸುವ ಕಾಯಿಲ್ ಕಾಣುತ್ತಿಲ್ಲ.

ಇಂಥ ಎಲ್ಲ ಸಂದರ್ಭಗಳಲ್ಲೂ ಮೂಲ ಭಾಗಗಳನ್ನು ಮರಳಿ ಹಾಕಿ ಓಡಿಸಿ ನೋಡುವುದೇ ನಿರ್ಣಾಯಕ ಪರೀಕ್ಷೆ. ಹಾಗಾಗಿ ಬಿಚ್ಚಿದ ಕಾಯಿಲ್, ವೈರು, ಕನೆಕ್ಟರುಗಳನ್ನು ಎಸೆಯಬಾರದು, ಮೂಲ ತಂತಿಯ ಗೊಂಚಲನ್ನು ಕತ್ತರಿಸಲೂಬಾರದು. ಮೂಲ ಭಾಗಗಳ ಜೊತೆ ಎಂಜಿನ್ ಸರಿಯಾಗಿ ಓಡಿದರೆ ಕಿಟ್ಟನ್ನು ಹಿಂದಿರುಗಿಸಬಹುದು. ಅವುಗಳ ಜೊತೆಗೂ ಅದೇ ದೋಷ ಉಳಿದರೆ, ಕೂರಿಸುವಾಗ ಸಡಿಲವಾದ ಅರ್ತ್, ಅದಲುಬದಲಾದ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ), ತಪ್ಪಿದ ಟೈಮಿಂಗ್ ಈ ಮೂರನ್ನು ಇದೇ ಕ್ರಮದಲ್ಲಿ ನೋಡಬೇಕು.